ಹದಿನಾರು ಹಲ್ಲಿನ ಫ್ರೀವೀಲು

ಹಿಂದಿನ ಚಕ್ರದ ಹಬ್ ಬಿಚ್ಚಿದಾಗ ಹದಿನೆಂಟು ಗುಂಡು ಸಿಗಬೇಕಿತ್ತು, ಸಿಕ್ಕಿದ್ದು ಹದಿನಾರು. ಎಕ್ಸಲ್ಲಿನ ಎಡಕ್ಕೆ ಒಂಬತ್ತು, ಬಲಕ್ಕೆ ಒಂಬತ್ತು, ಕಾಲಿಂಚಿನ ಉಕ್ಕಿನ ಗುಂಡುಗಳು ಕೂರುವ ಬಟ್ಟಲು ಅದು. ಯಾವ ಕಾಲದಲ್ಲೋ ಯಾರೋ ಅವಸರದಲ್ಲಿ ಒಂದು ಬದಿಗೆ ಏಳೇ ಹಾಕಿ ಮುಚ್ಚಿಬಿಟ್ಟಿದ್ದರು. ಗ್ರೀಸು ಒಣಗಿ ಹಳೇ ಹುಣಸೇಹಣ್ಣಿನ ಹಾಗೆ ಕಪ್ಪಗೆ ಗಟ್ಟಿಯಾಗಿತ್ತು. ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ಹಳೇ ಪೇಪರ್ ಹಾಸಿಕೊಂಡು, ಸವೆದ ಟೂತ್‌ಬ್ರಷ್ಷನ್ನು ಡೀಸೆಲ್ಲಿಗೆ ಅದ್ದಿ ಅದ್ದಿ ಆ ಬಟ್ಟಲನ್ನು ತಿಕ್ಕುತ್ತ ಕೂತೆ. ಕಪ್ಪು ಕರಗುತ್ತ ಬಂದ ಹಾಗೆ ಗುಂಡುಗಳು ಓಡಾಡಿದ ದಾರಿ ಕಾಣಿಸಿತು: ಉಂಗುರದಂತೆ ಸುತ್ತಿಕೊಂಡ, ಮಿಂಚುವ ಒಂದು ತೆಳು ಗೆರೆ. ಉಗುರಿನ ತುದಿಯನ್ನು ಅದರ ಮೇಲೆ ಮೆಲ್ಲಗೆ ಎಳೆದುಕೊಂಡು ಹೋದೆ. ಎಲ್ಲೂ ತಡೆಯಲಿಲ್ಲ, ಎಲ್ಲೂ ಗುಳಿ ಬಿದ್ದಿರಲಿಲ್ಲ. ಯಾರದೋ ಮನೆಯ ಮೆಟ್ಟಿಲ ಕೆಳಗೆ ವರ್ಷಗಟ್ಟಲೆ ನಿಂತಿದ್ದು, 2,800 ರೂಪಾಯಿಗೆ ನನ್ನ ಪಾಲಿಗೆ ಬಂದ ಸೈಕಲ್ಲು ಅದು. ಒಳಗೆ ಜೀವ ಹಾಗೇ ಇತ್ತು. ಆವತ್ತು ಸಂಜೆಯ ಕಾಫಿ ಕುಡಿಯುವಾಗಲೂ ನಾನು ಆ ಗೆರೆಯನ್ನೇ ನೆನೆಯುತ್ತಿದ್ದೆ.

ನಲವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಟ್ರಯಾಥ್ಲಾನಿಗೆ ಹೆಸರು ಕೊಟ್ಟಿದ್ದೇನೆ. ಮೊದಲು ಕೆರೆಯಲ್ಲಿ 750 ಮೀಟರ್ ಈಜು, ಎದ್ದು ಬಂದು 20 ಕಿ.ಮೀ. ಸೈಕಲ್, ಇಳಿದು 5 ಕಿ.ಮೀ. ಓಟ. ನಡುವೆ ಬಟ್ಟೆ ಬದಲಿಸುವ, ಬೂಟು ಹಾಕಿಕೊಳ್ಳುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ, ಗಡಿಯಾರ ನಿಲ್ಲುವುದಿಲ್ಲ. ಇದಕ್ಕೆ ಸ್ಪ್ರಿಂಟ್ ಎಂದು ಹೆಸರು. ಒಲಿಂಪಿಕ್ಸಿನಲ್ಲಿ ನಡೆಯುವುದು ಇದರ ಎರಡರಷ್ಟು ದೂರದ್ದು. ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ಸಾಲದ ಕಂತು, ಮಗಳ ಫೀಸು, ಊರಿಗೆ ಕಳಿಸುವುದು ಎಲ್ಲ ಕಳೆದು, ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 15,000 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಪ್ರವೇಶ ಶುಲ್ಕವೂ ಅದರೊಳಗೇ ಬರಬೇಕು. ಈ ಆಟದ ಫೋಟೋಗಳಲ್ಲಿ ಕಾಣುವ ಕಾರ್ಬನ್ ಸೈಕಲ್ಲುಗಳ ಬೆಲೆಗೆ ನಮ್ಮೂರ ಕಡೆ ಒಳ್ಳೆಯ ಹಳ್ಳಿಕಾರ್ ಎತ್ತಿನ ಜೋಡಿಯೇ ಬರುತ್ತದೆ. ಅದು ನಮ್ಮ ಲೆಕ್ಕದಲ್ಲಿಲ್ಲ.

ಲೆಕ್ಕ ಬರೆಯುತ್ತ ಕೂತಾಗ ಒಂದು ಸಂಗತಿ ಹೊಳೆಯಿತು. ಈ ಮೂರನ್ನೂ ನಾನು ಹನ್ನೆರಡು ತುಂಬುವ ಮೊದಲೇ ಕಲಿತಿದ್ದೆ; ಮೂರಕ್ಕೂ ಸೇರಿ ಖರ್ಚಾಗಿದ್ದು ಬಾಡಿಗೆ ಸೈಕಲ್ಲಿನ ಚಿಲ್ಲರೆ ಮಾತ್ರ. ಮಂಡ್ಯದ ಕಡೆಯ ನಮ್ಮೂರಿನಲ್ಲಿ ಗಂಟೆಗೆ ಒಂದು ರೂಪಾಯಿ ಕೊಟ್ಟರೆ ದೊಡ್ಡವರ ಸೈಕಲ್ ಸಿಗುತ್ತಿತ್ತು. ಸೀಟು ಎಟುಕದು, ಬಾರ್ ಮೇಲೆ ಕಾಲು ಹೋಗದು. ಹಾಗಾಗಿ ಒಳಪೆಡ್ಲು: ಎಡಗೈಯಲ್ಲಿ ಹ್ಯಾಂಡಲ್, ಬಲಗಂಕುಳಲ್ಲಿ ಸೀಟು, ಬಲಗಾಲು ತ್ರಿಕೋನದೊಳಗಿಂದ ಆಚೆಗೆ. ಮೈಯೆಲ್ಲ ಒಂದು ಕಡೆ, ಸೈಕಲ್ ಇನ್ನೊಂದು ಕಡೆ ವಾಲಿ, ಎರಡೂ ಸೇರಿ ನೆಟ್ಟಗೆ ಹೋಗುತ್ತಿದ್ದವು. ಸಮತೋಲ ಎಂಬ ಪದ ಪುಸ್ತಕದಲ್ಲಿ ಸಿಗುವ ಮುಂಚೆಯೇ ಅದು ನನ್ನ ಸೊಂಟಕ್ಕೆ ಗೊತ್ತಿತ್ತು. ಈಜು ತೋಟದ ಬಾವಿಯಲ್ಲಿ. ಓಟವನ್ನು ಕಲಿತೆ ಅಂತ ಹೇಳುವುದೇ ತಪ್ಪು. ಸ್ಕೂಲಿಗೆ ಹೋಗುತ್ತಿದ್ದದ್ದೇ ಹಾಗೆ.

ಈ ಆಟ ಹುಟ್ಟಿದ ಕಥೆಯನ್ನು ಓದಿದ ಮೇಲೆ ನನ್ನ 15,000ದ ಬಗ್ಗೆ ಇದ್ದ ಅಳುಕು ಹೋಯಿತು. 1974ರ ಸೆಪ್ಟೆಂಬರ್ 25, ಬುಧವಾರದ ಸಂಜೆ, ಅಮೆರಿಕದ ಸ್ಯಾನ್ ಡಿಯಾಗೊ ನಗರದ ಮಿಷನ್ ಬೇ ಎಂಬಲ್ಲಿ ಮೊದಲ ಟ್ರಯಾಥ್ಲಾನ್ ನಡೆಯಿತು. ಊರಿನ ಓಟಗಾರರ ಕ್ಲಬ್ಬಿನ ಜ್ಯಾಕ್ ಜಾನ್‌ಸ್ಟೋನ್ ಮತ್ತು ಡಾನ್ ಶಾನಹನ್ ಎಂಬ ಇಬ್ಬರು ಸೇರಿ ಮಾಡಿದ್ದು. ಬಂದವರು 46 ಮಂದಿ, ಕೆಲಸ ಮುಗಿಸಿ ಬಂದ ಜನ. ಕೊನೆಗೆ ಈಜುವವರು ದಡ ಸೇರುವ ಹೊತ್ತಿಗೆ ಕತ್ತಲಾಗಿ, ಕಾರುಗಳನ್ನು ತಿರುಗಿಸಿ ನಿಲ್ಲಿಸಿ ಹೆಡ್‌ಲೈಟ್ ಬೆಳಕು ಕೊಟ್ಟರಂತೆ. ಅಂದು ಅಲ್ಲಿ ಭಾಗವಹಿಸಿದ್ದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್, ಹೆಂಡತಿ ಜೂಡಿಯ ಜೊತೆ ಸೇರಿ 1978ರಲ್ಲಿ ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್ ನಡೆಸಿದರು. ಹೊರಟವರು 15 ಜನ, ಮುಗಿಸಿದವರು 12. ಗೆದ್ದ ಗಾರ್ಡನ್ ಹಾಲರ್ ಟ್ಯಾಕ್ಸಿ ಓಡಿಸುತ್ತಿದ್ದವನು. 2000ದ ಸಿಡ್ನಿ ಒಲಿಂಪಿಕ್ಸಿಗೆ ಬಂದದ್ದೆಲ್ಲ ಆಮೇಲಿನ ಮಾತು. ಆ ಬುಧವಾರದ ಹೆಡ್‌ಲೈಟಿನ ಬೆಳಕು ನನಗೆ ತುಂಬ ಇಷ್ಟ. ನಮ್ಮೂರ ಕಬಡ್ಡಿ ಪಂದ್ಯಕ್ಕೂ ಟ್ರ್ಯಾಕ್ಟರ್ ಲೈಟೇ ಆಧಾರವಾಗಿತ್ತು.

ಸೈಕಲ್ಲಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಈ ನಾಲ್ಕು ತಿಂಗಳಲ್ಲಿ ನನ್ನ ಮನಸ್ಸು ಹೆಚ್ಚು ನಿಂತದ್ದು ಅಲ್ಲೇ. ನಮ್ಮ ಬೀದಿಯ ಕೊನೆಯಲ್ಲಿ ಒಂದು ಸೈಕಲ್ ಶಾಪಿದೆ. ಯಜಮಾನರಿಗೆ ಎಪ್ಪತ್ತರ ಮೇಲೆ. ಪೂರ್ತಿ ಓವರಾಯಿಲಿಂಗ್ ಮಾಡಿಸಲು ಎಷ್ಟು ಅಂತ ಕೇಳಿದೆ. ಅವರು ಸೈಕಲ್ಲನ್ನು ಒಂದು ಸುತ್ತು ನೋಡಿ, 'ಮೇಡಂ, ಸಾಮಾನಿನ ದುಡ್ಡು ಕೊಡಿ, ಕೆಲಸ ನೀವೇ ಮಾಡಿ. ನಾಳೆ ರೋಡಲ್ಲಿ ಕೈ ಕೊಟ್ಟರೆ ನಾನಿರ್ತೀನಾ?' ಅಂದರು. ಹಾಗೆ ನಾನು ಶನಿವಾರ ಮಧ್ಯಾಹ್ನಗಳಲ್ಲಿ ಅವರ ವಿದ್ಯಾರ್ಥಿನಿಯಾದೆ.

ಅವರು ಕಲಿಸಿದ ಮೊದಲ ಪಾಠ ಗುಂಡುಗಳದ್ದು. ಹದಿನಾರು ಚೆನ್ನಾಗಿವೆಯಲ್ಲ, ಎರಡು ಹೊಸದು ಕೊಡಿ ಅಂದಾಗ ಒಪ್ಪಲಿಲ್ಲ. ಸವೆದದ್ದರ ಪಕ್ಕ ಸವೆಯದ್ದು ಕೂತರೆ ಭಾರವೆಲ್ಲ ಹೊಸದರ ತಲೆಗೇ ಬೀಳುತ್ತದೆ, ಅದು ಬಟ್ಟಲನ್ನು ಕೊರೆಯುತ್ತದೆ. ಹದಿನೆಂಟೂ ಹೊಸದಾಗಿ ಬಂದವು. ಒಂದು ಮಸಾಲೆ ದೋಸೆಯ ದುಡ್ಡೂ ಆಗಲಿಲ್ಲ. ಗ್ರೀಸು ತುಂಬಿದ ಬಟ್ಟಲಿಗೆ ಒಂದೊಂದೇ ಗುಂಡನ್ನು ಒತ್ತಿ ಕೂರಿಸುವಾಗ ಅದು ಮುಳುಗುವ ಪರಿಯೇ ಚೆಂದ, ಹಿಟ್ಟಿಗೆ ಕಾಳು ಒತ್ತಿದ ಹಾಗೆ. ಆಮೇಲೆ ಗುಂಡುಗಳನ್ನು ಒತ್ತಿ ಹಿಡಿಯುವ ಕೋನು ತಿರುಗಿಸಬೇಕು. ಬಿಗಿಯಾದರೆ ಚಕ್ರ ಅಳುತ್ತದೆ, ಸಡಿಲಾದರೆ ಅಲ್ಲಾಡುತ್ತದೆ. ಹೊರಗಿನ ನಟ್ಟು ಬಿಗಿದಾಗ ಕೋನು ತಾನೂ ಒಂದು ಎಳೆ ಬಿಗಿಯುತ್ತದೆ, ಅದಕ್ಕೇ ಮೊದಲೇ ಆ ಒಂದು ಎಳೆ ಸಡಿಲ ಬಿಡಬೇಕು. ಎಷ್ಟು ಎಂದು ಹೇಳಲು ಅವರಿಗೂ ಆಗಲಿಲ್ಲ. ಪರೀಕ್ಷೆ ಮಾತ್ರ ಹೇಳಿಕೊಟ್ಟರು. ಚಕ್ರವನ್ನು ಎತ್ತಿ ಮೆಲ್ಲಗೆ ತಿರುಗಿಸಿ ಬಿಡು. ಗಾಳಿ ತುಂಬುವ ವಾಲ್ವಿನ ಭಾರಕ್ಕೇ ಚಕ್ರ ಸೋಲಬೇಕು: ವಾಲ್ವು ಕೆಳಗೆ ಬಂದು, ದಾಟಿ ಹೋಗಿ, ಮತ್ತೆ ಹಿಂದೆ ಬಂದು, ತೊಟ್ಟಿಲ ಹಾಗೆ ತೂಗಿ ತೂಗಿ ನಿಲ್ಲಬೇಕು. ನಡುವೆ ಎಲ್ಲಾದರೂ ಗಕ್ಕನೆ ನಿಂತರೆ ಕೋನು ಬಿಗಿ ಇದೆ ಎಂದರ್ಥ. ನನ್ನದು ಮೊದಲ ದಿನ ಐದು ಸಲ ಗಕ್ಕನೆ ನಿಂತಿತು. ಆರನೆಯ ಸಲ ತೂಗಿತು. ಆ ಒಂದು ಎಳೆ ನನ್ನ ಬೆರಳಿಗೆ ಸಿಕ್ಕಿದ್ದು ಆಗ.

ಕಡ್ಡಿಗಳು ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40. ಬೆರಳಲ್ಲಿ ಮೀಟಿದರೆ ಒಂದೊಂದೂ ಒಂದು ಸ್ವರ ಹೇಳುತ್ತದೆ, ಸಡಿಲಾದದ್ದು ಮಂದ್ರಕ್ಕಿಳಿದಿರುತ್ತದೆ. ಬೆಂಡು ತೆಗೆಯುವುದೆಂದರೆ ಆ ಕಡ್ಡಿಗಳ ಶ್ರುತಿ ಕೂಡಿಸುವುದು. ಕಡ್ಡಿಯ ತುದಿಯ ನಿಪ್ಪಲ್ಲನ್ನು ಒಂದು ಸಲಕ್ಕೆ ಕಾಲು ಸುತ್ತು, ಹೆಚ್ಚಿಲ್ಲ.

ಗಣಿತದ ಟೀಚರಿಗೆ ಹಬ್ಬವಾದದ್ದು ಹಲ್ಲುಗಳ ಲೆಕ್ಕ. ನನ್ನದು ಗೇರಿಲ್ಲದ ಸೈಕಲ್. ಮುಂದೆ ಪೆಡಲಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18. ಸೀಮೆಸುಣ್ಣದಿಂದ ಒಂದು ಹಲ್ಲಿಗೆ ಗುರುತು ಹಾಕಿ ಎರಡು ಸಲ ಎಣಿಸಿದೆ. 26 ಇಂಚಿನ ಚಕ್ರ ನೆಲದ ಮೇಲೆ ಒಂದು ಸುತ್ತು ಉರುಳಿದರೆ ಎರಡು ಮೀಟರಿಗೆ ಏಳು ಸೆಂಟಿಮೀಟರು ಹೆಚ್ಚು. ಅಂಗಳದಲ್ಲಿ ಉರುಳಿಸಿ ಟೇಪು ಹಿಡಿದು ನೋಡಿದೆ. ಹಾಗಾದರೆ ಪೆಡಲಿನ ಒಂದು ಸುತ್ತಿಗೆ ಸುಮಾರು 5.06 ಮೀಟರ್. ಹದಿನೆಂಟರ ಬದಲು ಹದಿನಾರು ಹಲ್ಲಿನ ಫ್ರೀವೀಲು ಹಾಕಿದರೆ 5.69. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 24 ಕಿ.ಮೀ. ಹೋಗುತ್ತಿದ್ದದ್ದು 27 ಆಗುತ್ತದೆ, ಅದೇ ಕಾಲು, ಅದೇ ಉಸಿರು ಅಂತಲ್ಲ. ತುಳಿತ ಅಷ್ಟು ಭಾರವಾಗುತ್ತದೆ. ಚಾಮುಂಡಿ ಬೆಟ್ಟ ಹತ್ತುವವರಿಗೆ ಇದು ಆಗದು. ಆದರೆ ಸ್ಪರ್ಧೆಯ ದಾರಿ ಸಪಾಟು, ಒಂದೆರಡು ಸೇತುವೆ ಏರು ಬಿಟ್ಟರೆ ಏನಿಲ್ಲ. ಹದಿನಾರನ್ನೇ ಕೊಂಡೆ. ಹಳೆಯದನ್ನು ಬಿಚ್ಚಲು ಯಜಮಾನರ ಅಂಗಡಿಯ ವೈಸಿಗೆ ಚಕ್ರ ಸಿಕ್ಕಿಸಿ ಇಬ್ಬರೂ ಜೋತುಬಿದ್ದೆವು. ಹೊಸದು ಕೂತ ಮೇಲೆ ಚಕ್ರವನ್ನು ಅರ್ಧ ಬೆರಳು ಹಿಂದಕ್ಕೆಳೆದು ಚೈನು ಬಿಗಿ ಮಾಡಿ, ರಿಂಗ್ ರೋಡಿಗೆ ಹೋಗಿ ತುಳಿದೆ. ಲೆಕ್ಕದ ಪುಸ್ತಕದಲ್ಲಿ ಇದ್ದದ್ದು ತೊಡೆಗೆ ತಿಳಿಯಿತು. ಮಾರನೆಯ ವಾರ ಒಂಬತ್ತನೆಯ ತರಗತಿಯಲ್ಲಿ ಅನುಪಾತದ ಪಾಠವನ್ನು ಫ್ರೀವೀಲು ಹಿಡಿದುಕೊಂಡೇ ಮಾಡಿದೆ, ಬೆಲ್ ಹೊಡೆದರೂ ಮಕ್ಕಳು ಏಳಲಿಲ್ಲ.

ಸೀಟಿನ ಎತ್ತರಕ್ಕೂ ಖರ್ಚಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಸಂದಿನಲ್ಲಿ ದಪ್ಪ ಪುಸ್ತಕ ಒತ್ತಿ ಹಿಡಿದು ನೆಲದಿಂದ ಅಳೆಯಬೇಕು. ನನಗೆ 76 ಸೆಂಟಿಮೀಟರ್ ಬಂತು. ಅದನ್ನು 0.883ರಿಂದ ಗುಣಿಸಿದರೆ 67. ಎರಡು ಪೆಡಲುಗಳ ಕ್ರ್ಯಾಂಕು ಕೂಡುವ ಎಕ್ಸಲ್ಲಿನ ನಡುಮಧ್ಯದಿಂದ ಸೀಟಿನ ಮೇಲ್ಮೈವರೆಗೆ ಅಷ್ಟು ಬರಬೇಕು. ಫ್ರಾನ್ಸಿನ ದೊಡ್ಡ ಸೈಕಲ್ ಯಾತ್ರೆಯನ್ನು ಮೂರು ಸಲ ಗೆದ್ದ ಗ್ರೆಗ್ ಲೆಮಾಂಡ್ ಹೆಸರಲ್ಲಿ ಪ್ರಸಿದ್ಧವಾದ ಸೂತ್ರ ಇದು. ನನ್ನ ಸೀಟು ಮೂರು ಬೆರಳು ಕೆಳಗಿತ್ತು. ಏರಿಸಿದ ದಿನದಿಂದ ಮಂಡಿನೋವು ಹೋಯಿತು.

ಎಲ್ಲಿ ದುಡ್ಡು ಉಳಿಸಬಾರದು ಎಂಬುದನ್ನೂ ಹೇಳಬೇಕು. ಹೆಲ್ಮೆಟ್ ಹೊಸದೇ. ಬ್ರೇಕಿನ ರಬ್ಬರು, ಎರಡು ಟೈರು ಹೊಸವು. ಈಜುಗನ್ನಡಕಕ್ಕೆ 450 ಕೊಟ್ಟೆ, ಅಗ್ಗದ್ದು ನೀರು ಬಿಟ್ಟು ಕಣ್ಣು ಕೆಂಪಾಗಿಸಿದ ಮೇಲೆ. ಉದ್ದ ತೋಳಿನ ಈಜುಡುಗೆ ಒಂದು. ಅದನ್ನೇ ಮೂರಕ್ಕೂ ತೊಟ್ಟಿರುತ್ತೇನೆ. ಚಳಿದೇಶದವರಿಗೆ ಬೇಕಾಗುವ ದುಬಾರಿ ವೆಟ್‌ಸೂಟಿನ ಚಿಂತೆ ನಮಗಿಲ್ಲ. ನೀರು 22 ಡಿಗ್ರಿ ದಾಟಿದರೆ ಈ ದೂರದಲ್ಲಿ ಅದನ್ನು ತೊಡುವಂತೆಯೇ ಇಲ್ಲ ಎಂದು ಅಂತರರಾಷ್ಟ್ರೀಯ ನಿಯಮ, ನಮ್ಮ ಸೀಮೆಯ ಕೆರೆಗಳು ಬೆಚ್ಚಗಿರುವುದು ಎಷ್ಟೊಂದು ಉಳಿತಾಯ!

ಈಜು ನನಗೆ ತಾತನಿಂದ ಬಂದದ್ದು. ಒಣಗಿದ ಎರಡು ಸೋರೆಬುರುಡೆಗಳನ್ನು ಬೆನ್ನಿಗೆ ಕಟ್ಟಿ, ಸೊಂಟಕ್ಕೆ ಬಾವಿಹಗ್ಗ ಬಿಗಿದು, ಮೆಟ್ಟಿಲ ಮೇಲೆ ನಿಂತು ನೀರಿಗೆ ಬಿಡುತ್ತಿದ್ದ. ವಾರದ ಮೇಲೆ ಒಂದು ಬುರುಡೆ ಬಿಚ್ಚಿದ. ಇನ್ನೊಂದನ್ನು ಬಿಚ್ಚಿದ ದಿನ ಹೇಳಲೇ ಇಲ್ಲ. ಅದು ಕಟ್ಟಿದೆ ಎಂದುಕೊಂಡೇ ಬಾವಿಯನ್ನು ಎರಡು ಸುತ್ತು ಹಾಕಿದ್ದೆ. ಬಾವಿ ಈಜಿನಲ್ಲಿ ತಲೆ ಯಾವಾಗಲೂ ಮೇಲೆ. ಹಾವು ಬಂದರೆ ಕಾಣಬೇಕು, ಮೇಲಿಂದ ಹಾರುವವನು ಕಾಣಬೇಕು. ಈಜುಕೊಳಕ್ಕೆ ಹೋದಾಗ ಅಲ್ಲಿನ ತರಬೇತುದಾರರು ಹತ್ತು ನಿಮಿಷ ನೋಡಿ ಹೇಳಿದ್ದು ಇಷ್ಟೇ: 'ತಲೆ ಎತ್ತಿದಷ್ಟೂ ಸೊಂಟ ಮುಳುಗುತ್ತೆ.' ನಿಜ, ಮೈ ನೀರಿನಲ್ಲಿ ತಕ್ಕಡಿಯ ದಂಡಿಗೆಯಂತೆ. ಒಂದು ತುದಿ ಎದ್ದರೆ ಇನ್ನೊಂದು ಇಳಿಯಲೇಬೇಕು, ಇಳಿದ ಕಾಲುಗಳನ್ನು ಎಳೆದುಕೊಂಡು ಹೋಗುವುದರಲ್ಲೇ ಅರ್ಧ ಶಕ್ತಿ ಖರ್ಚು.

ಮೂವತ್ತು ವರ್ಷ ಮೇಲಿದ್ದ ತಲೆಯನ್ನು ನೀರಿಗೆ ಇಳಿಸುವುದು ಸುಲಭವಲ್ಲ. ಉಸಿರು ಬಿಡುವ ಅಭ್ಯಾಸವನ್ನು ಬಚ್ಚಲುಮನೆಯಲ್ಲಿ ಶುರು ಮಾಡಿದೆ. ಬೆಳಿಗ್ಗೆ ಐದಕ್ಕೆ ಬಕೆಟ್ ತುಂಬ ನೀರು, ಅದರಲ್ಲಿ ಮುಖ. ಮೂಗು ಬಾಯಿ ಎರಡರಿಂದಲೂ ಗುಳುಗುಳು ಉಸಿರು ಬಿಟ್ಟು, ಮುಖವನ್ನು ಪಕ್ಕಕ್ಕೆ ಹೊರಳಿಸಿ ಎಳೆದುಕೊಳ್ಳುವುದು. ನಾವು ಹೆದರಿದಾಗ ಉಸಿರು ಹಿಡಿಯುತ್ತೇವೆ. ನೀರಿನಲ್ಲಿ ಅದೇ ತೊಂದರೆ. ಒಳಗಿನದು ಪೂರ್ತಿ ಹೋಗದೆ ಹೊಸದಕ್ಕೆ ಜಾಗವಿಲ್ಲ. ಎರಡು ವಾರ ಬಕೆಟ್ಟು, ಆಮೇಲೆ ಕೊಳ. 50 ಮೀಟರಿಗೆ ಎಷ್ಟು ಕೈ ಬೀಸುತ್ತೇನೆ ಎಂದು ಎಣಿಸತೊಡಗಿದೆ. ಮೊದಲ ತಿಂಗಳು 62. ಕೈಯನ್ನು ಮುಂದಕ್ಕೆ ಚಾಚಿ ಒಂದು ಕ್ಷಣ ಅಲ್ಲೇ ಬಿಟ್ಟು, ಮೊಣಕೈ ಮೇಲಿಟ್ಟುಕೊಂಡೇ ನೀರನ್ನು ಹಿಂದಕ್ಕೆ ತಬ್ಬಿ ಎಳೆಯುವುದು ಕೈಗೆ ಹತ್ತಿದ ಮೇಲೆ 51. ನೀರು ಹಿಡಿಗೆ ಸಿಕ್ಕ ಭಾವ ಬರುತ್ತದೆ ಆಗ, ರಾಗಿಮುದ್ದೆ ತೊಳಸುವಾಗ ಕೋಲಿಗೆ ಹಿಟ್ಟು ಹದವಾಗಿ ಸಿಕ್ಕುವ ಹಾಗೆ. ಹದಿನೈದು ಉದ್ದ ನಿಲ್ಲದೆ ಈಜಿದ ದಿನ ಕೊಳದ ಅಂಚಿಗೆ ಕೈಯಿಟ್ಟು ಬಹಳ ಹೊತ್ತು ಸುಮ್ಮನೆ ನಿಂತಿದ್ದೆ.

ಆದರೆ ಕೆರೆಯಲ್ಲಿ ಅಡಿಯಲ್ಲಿ ಕಪ್ಪು ಗೆರೆ ಎಳೆದಿರುವುದಿಲ್ಲ. ಈಜು ಬಲ್ಲ ಗೆಳೆಯರ ಗುಂಪಿನ ಜೊತೆ ಪಾಂಡವಪುರದ ಹತ್ತಿರದ ತೊಣ್ಣೂರು ಕೆರೆಗೆ ಹೋದೆ, ಪಕ್ಕದಲ್ಲಿ ಹರಿಗೋಲು ಇಟ್ಟುಕೊಂಡು. ರಾಮಾನುಜಾಚಾರ್ಯರ ನೆನಪಿನ ಊರು, ಬೆಟ್ಟಗಳ ನಡುವೆ ತಿಳಿನೀರು. ಹೈದರಾಬಾದಿನ ನಾಸಿರ್ ಜಂಗ್ ಇದನ್ನು ಕಂಡು ಮೋತಿ ತಲಾಬ್, ಮುತ್ತಿನ ಕೆರೆ ಎಂದು ಕರೆದನಂತೆ. ಅಷ್ಟು ತಿಳಿಯಿದ್ದರೂ ನಾಲ್ಕಾಳು ದೂರ ಹೋದ ಮೇಲೆ ಕೆಳಗೆ ಹಸಿರು ಕತ್ತಲೆಯೇ. ಎದೆ ಒಮ್ಮೆ ಹೊಡೆದುಕೊಂಡಿತು. ಬಕೆಟ್ ನೆನೆಸಿಕೊಂಡು ಉಸಿರು ಬಿಟ್ಟೆ. ಅಲ್ಲಿ ದಿಕ್ಕು ತಪ್ಪದಿರಲು ಏಳೆಂಟು ಕೈಗೊಮ್ಮೆ ಕಣ್ಣಷ್ಟೇ ನೀರಿನ ಮೇಲೆ ತಂದು, ಮೊಸಳೆಯ ಹಾಗೆ, ದಡದ ಗುರುತೊಂದನ್ನು ನೋಡಿಕೊಳ್ಳಬೇಕು. ಗುಂಪಿನವರೆಲ್ಲ ಒದ್ದಾಡುತ್ತಿದ್ದರು. ನನಗೆ ಅದು ಮೊದಲ ದಿನವೇ ಬಂತು. ಕೊಳದಲ್ಲಿ ಬಿಡಿಸಿಕೊಂಡ ಬಾವಿಯ ಅಭ್ಯಾಸವೇ ಕೆರೆಯಲ್ಲಿ ಕೈ ಹಿಡಿಯಿತು. ಇನ್ನೊಂದು ಸಂಗತಿ ಗಂಟಲು ತುಂಬಿಸಿತು. ಕೆರೆಯಲ್ಲಿ ಈಜುವವರು ಸೊಂಟಕ್ಕೊಂದು ದಾರ ಕಟ್ಟಿ, ಗಾಳಿ ತುಂಬಿದ ಕಿತ್ತಳೆ ಬಣ್ಣದ ತೇಲುಚೀಲವನ್ನು ಹಿಂದೆ ಎಳೆದುಕೊಂಡು ಹೋಗುತ್ತಾರೆ. ದೂರದಿಂದ ಕಾಣಲಿ, ದಣಿದರೆ ಹಿಡಿದುಕೊಳ್ಳಲು ಆಗಲಿ ಎಂದು. 750 ರೂಪಾಯಿ ಕೊಟ್ಟು ಕೊಂಡು ಸೊಂಟಕ್ಕೆ ಬಿಗಿದುಕೊಂಡಾಗ ಬೆನ್ನ ಹಿಂದೆ ತಾತ ನಿಂತ ಹಾಗಾಯಿತು.

ಓಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುವೆಂಪು ಅಡ್ಡಾಡುತ್ತಿದ್ದ ಕುಕ್ಕರಹಳ್ಳಿ ಕೆರೆಯ ಏರಿ, ಬೆಳಗಿನ ಮಂಜು, ಪೆಲಿಕನ್‌ಗಳು. ಕಷ್ಟವಿರುವುದು ಸೈಕಲ್ಲಿನಿಂದ ಇಳಿದು ಓಡುವಾಗ. ಎರಡನ್ನೂ ಕೂಡಿಸಿ ಮಾಡುವ ಅಭ್ಯಾಸಕ್ಕೆ ಈ ಆಟದವರು ಬ್ರಿಕ್, ಅಂದರೆ ಇಟ್ಟಿಗೆ ಎನ್ನುತ್ತಾರೆ. 20 ಕಿ.ಮೀ. ತುಳಿದು ಕೆರೆಯ ಗೇಟಿಗೆ ಸೈಕಲ್ ಕಟ್ಟಿ ಓಡತೊಡಗಿದರೆ ಕಾಲುಗಳು ಬೇರೆ ಯಾರದೋ ಅನ್ನಿಸುತ್ತವೆ. ವೃತ್ತ ತುಳಿಯುತ್ತಿದ್ದ ಕಾಲಿಗೆ ನೆಲ ಒದೆಯುವುದು ನೆನಪಾಗಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಚಿಕ್ಕ ಚಿಕ್ಕ ಹೆಜ್ಜೆ ಇಟ್ಟುಕೊಂಡು ಕಾಯುವುದನ್ನು ಕಲಿತಿದ್ದೇನೆ. ಬಾಯಾರಿಕೆಗೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ನಿಂಬೆಹಣ್ಣು. ಹೊರಡುವ ಎರಡು ಗಂಟೆ ಮುಂಚೆ ರಾಗಿ ಅಂಬಲಿ. ಸೈಕಲ್ ಮೇಲೆ ಒಂದು ಏಲಕ್ಕಿ ಬಾಳೆಹಣ್ಣು.

ಬಟ್ಟೆ ಬೂಟು ಬದಲಿಸುವ ಜಾಗವನ್ನು ಅಂಗಳದಲ್ಲೇ ಕಟ್ಟಿದೆವು. ಎರಡು ಕುರ್ಚಿಯ ಮೇಲೆ ಬಿದಿರ ಗಳ, ಅದಕ್ಕೆ ಸೈಕಲ್ಲಿನ ಸೀಟು ಸಿಕ್ಕಿಸಿ, ಕೆಳಗೆ ಹಳದಿ ಟವಲ್ಲು. ಮೈಗೆ ಎರಡು ತಂಬಿಗೆ ನೀರು ಸುರಿದುಕೊಂಡು ಓಡಿ ಬರುತ್ತೇನೆ, ಮಗಳು ಮೊಬೈಲಿನಲ್ಲಿ ಹೊತ್ತು ಎಣಿಸುತ್ತಾಳೆ. ಹೆಲ್ಮೆಟ್ ಮೊದಲು, ಗಲ್ಲದ ಪಟ್ಟಿ ಟಕ್ ಅಂದ ಮೇಲೆಯೇ ಸೈಕಲ್ಲಿಗೆ ಕೈ, ಅದು ನಿಯಮ. ಒದ್ದೆ ಕಾಲು ಬೂಟಿನೊಳಗೆ ಜಾರಲು ಒಂದು ಚಿಟಿಕೆ ಪೌಡರ್. ಲೇಸು ಕಟ್ಟುವ ಹೊತ್ತು ಉಳಿಸಲು ಟೈಲರ್ ಅಂಗಡಿಯಿಂದ ಒಂದು ಮೀಟರ್ ಎಲಾಸ್ಟಿಕ್ ತಂದು ಪೋಣಿಸಿದ್ದೇನೆ, 15 ರೂಪಾಯಿ. ಮೊದಲ ದಿನ ಎರಡು ನಿಮಿಷ ನಲವತ್ತು ಸೆಕೆಂಡ್ ಹಿಡಿದದ್ದು ಈಗ ಒಂದೂಕಾಲಕ್ಕೆ ಬಂದಿದೆ. ಮಗಳಿಗೆ ಇನ್ನೂ ಸಮಾಧಾನವಿಲ್ಲ.

ನಾಳೆ ಭಾನುವಾರ, ಸ್ಪರ್ಧೆಯ ದಿನ. ನಾಲ್ಕಕ್ಕೆ ಗೂಡ್ಸ್ ಆಟೋ ಬರುತ್ತದೆ, ಮೂವರು ಸೇರಿ ಹೇಳಿದ್ದೇವೆ. ಸೈಕಲ್ ಶಾಪಿನ ಯಜಮಾನರು ಸಂಜೆ ಬಂದು ಎರಡೂ ಚಕ್ರ ಎತ್ತಿ ತಿರುಗಿಸಿ, ನಿಲ್ಲುವವರೆಗೂ ನೋಡಿ, ಏನೂ ಹೇಳದೆ ಒಂದು ವಾಲ್‌ಟ್ಯೂಬನ್ನು ನನ್ನ ಕೈಗಿಟ್ಟು ಹೋದರು. ಊಟವಾದ ಮೇಲೆ ಊರಿಂದ ಅಮ್ಮ ಫೋನ್ ಮಾಡಿದ್ದಳು.

'ನೀರು ಎಷ್ಟಾಳ?'

'ನಮ್ಮ ಬಾವಿಯಷ್ಟಿರಬೋದು.'

'ಬುರುಡೆ ಕಟ್ಕಂಡೇ ಇಳಿ.'

'ಕಟ್ಕತೀನಿ ಕಣಮ್ಮ,' ಅಂದೆ. ಕಿತ್ತಳೆ ಚೀಲವನ್ನು ಬಾಯಿಂದ ಊದಿ, ಕಿವಿಗೆ ಹಿಡಿದು ಗಾಳಿ ಸೋರುತ್ತದೇನೋ ಕೇಳಿ, ಮತ್ತೆ ಮಡಿಸಿ ಎಲ್ಲದರ ಮೇಲೆ ಇಟ್ಟಿದ್ದೇನೆ.